ಗೌರವ್ವನ ವೈನು, ನಮ್ಮ ಮನೆಯ ಝುಣಕ

ಅಂಗಿಯ ಗುಂಡಿ ಹುಡುಕಲು ಹೋದವನಿಗೆ ಬೂಚು ಸಿಕ್ಕಿತು. ನಮ್ಮ ಮನೆಯಲ್ಲಿ ಸೂಜಿ ದಾರ ಇಡುವುದಕ್ಕೆಂದು ಒಂದು ಹಳೆಯ ಬಿಸ್ಕೀಟಿನ ಡಬ್ಬಿ ಇದೆ. ಅದರಲ್ಲಿ ಸೂಜಿ ದಾರ ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ನಿಂತುಹೋದ ಕೈಗಡಿಯಾರ, ಯಾವ ಬೀಗದ್ದೋ ತಿಳಿಯದ ಕೀಲಿಕೈ, ನಾನು ನೌಕರಿಯಲ್ಲಿದ್ದಾಗಿನ ಎದೆಯ ಮೇಲಿನ ಹೆಸರಿನ ಬಿಲ್ಲೆ. ಅವುಗಳ ನಡುವೆ ಹೆಬ್ಬೆರಳಿನಷ್ಟು ದಪ್ಪದ, ಒಂದು ತುದಿ ನೇರಳೆ ಬಣ್ಣಕ್ಕೆ ತಿರುಗಿದ, ನಟ್ಟನಡುವೆ ಮೊಳೆ ಹೊಡೆದಂಥ ತೂತಿರುವ ಬೂಚು. ವೈನಿನ ಬಾಟಲಿಯದು. ಯಲಬುರ್ಗಾದಂಥ ಊರಿನಲ್ಲಿ, ನಿವೃತ್ತ ತೋಟಗಾರಿಕೆ ಸಹಾಯಕನೊಬ್ಬನ ಮನೆಯಲ್ಲಿ ವೈನಿನ ಬೂಚು ಯಾಕಿದೆ ಎಂದು ನೀವು ಕೇಳುತ್ತೀರಿ. ಕೇಳಬೇಕು. ನಾನೂ ಗುಂಡಿಯ ಆಸೆ ಬಿಟ್ಟು ಹೇಳಬೇಕೆಂದೇ ಕೂತಿದ್ದೇನೆ.

ಮೊದಲೇ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ಕೆಂಪು ವೈನಿನ ಜೊತೆ ಏನು ಉಣ್ಣಬೇಕು ಎನ್ನುವ ವಿಷಯದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಸೇರಿಸಿ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲ. ಇದು ಜಂಬವಲ್ಲ. ಈ ವಿದ್ಯೆಗೆ ಇಲ್ಲಿ ಪೈಪೋಟಿಯೇ ಇಲ್ಲದ್ದರಿಂದ ಮೊದಲ ಸ್ಥಾನ ತಾನಾಗಿ ನನ್ನ ಪಾಲಿಗೆ ಬಂದಿದೆ, ಅಷ್ಟೆ. ಜೀವಮಾನದಲ್ಲಿ ನಾನು ಕುಡಿದ ವೈನನ್ನೆಲ್ಲ ಒಟ್ಟುಮಾಡಿದರೆ ಎರಡು ಚಹಾದ ಲೋಟ ತುಂಬೀತು. ಆದರೆ ಈಜು ಕಲಿಯಲು ಸಮುದ್ರವೇ ಬೇಕೆಂದೇನೂ ಇಲ್ಲವಲ್ಲ. ನಾನು ಈಜು ಕಲಿತದ್ದು ಗಂಗಾವತಿಯ ಕಾಲುವೆಯಲ್ಲಿ.

ಗಂಗಾವತಿ ನನ್ನ ಹುಟ್ಟೂರು. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ನಮ್ಮ ಓಣಿಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಹೆಂಡದಂಗಡಿ ಇತ್ತು. ಅದು ಹತ್ತಿರ ಬಂದ ಕೂಡಲೇ ಅವ್ವ “ಮೂಗು ಮುಚ್ಚಿಕೊಂಡು ಓಡ್ರಿ” ಎನ್ನುತ್ತಿದ್ದಳು. ನಾವು ನಾಲ್ಕೂ ಮಕ್ಕಳು ಸಾಲಾಗಿ ಮೂಗು ಹಿಡಿದುಕೊಂಡು ಓಡುತ್ತಿದ್ದೆವು. ಅಂಗಡಿ ದಾಟಿದ ಮೇಲೂ ನಾನು ಒಂದಿಷ್ಟು ದೂರ ಮೂಗು ಹಿಡಿದೇ ಇರುತ್ತಿದ್ದೆ, ಅಷ್ಟು ವಿಧೇಯ. ನಮ್ಮ ಮನೆಯೊಳಗೆ ಬಂದ ಕೆಂಪು ಬಾಟಲಿ ಎಂದರೆ ಒಂದೇ, ಸರ್ಕಾರಿ ದವಾಖಾನೆಯವರು ರಕ್ತ ಹೆಚ್ಚಾಗಲೆಂದು ಕೊಟ್ಟ ಟಾನಿಕ್ಕು. ದಿನಕ್ಕೆ ಎರಡು ಚಮಚ ಎಂದು ಹೇಳಿದ್ದರು. ಒಂದು ಮಧ್ಯಾಹ್ನ ನಾನು ಭತ್ತದ ಚೀಲಗಳ ಹಿಂದೆ ಕೂತು ಅರ್ಧ ಬಾಟಲಿ ಖಾಲಿ ಮಾಡಿದೆ. ಸಿಹಿಯಾಗಿತ್ತು, ಕೊನೆಯಲ್ಲಿ ಸ್ವಲ್ಪ ಕಬ್ಬಿಣದ ವಾಸನೆ. ಸಂಜೆಯವರೆಗೆ ಚೀಲಗಳ ನಡುವೆಯೇ ಮಲಗಿಬಿಟ್ಟೆ. ಅವ್ವ ಎಬ್ಬಿಸಿ ಮೊದಲು ಮಾಡಿದ ಕೆಲಸವೆಂದರೆ ನನ್ನ ಬಾಯಿ ಮೂಸಿದ್ದು. ಟಾನಿಕ್ಕು ಎಂದು ತಿಳಿದ ಮೇಲೂ ಎರಡು ಏಟು ಬಿದ್ದವು. “ಇವತ್ತು ಟಾನಿಕ್ಕು, ನಾಳೆ?” ಎಂದಳು. ಆ ಪ್ರಶ್ನೆಗೆ ನಾನು ಉತ್ತರ ಕೊಡುವ ಹೊತ್ತಿಗೆ ನನಗೆ ಅರವತ್ತೆರಡು ವಯಸ್ಸಾಗಿತ್ತು.

ಭತ್ತದ ನಾಡಿನವನನ್ನು ಸರ್ಕಾರ ದ್ರಾಕ್ಷಿ ನೋಡಿಕೊಳ್ಳಲು ಕುಷ್ಟಗಿಗೆ ಕಳಿಸಿತು. ದ್ರಾಕ್ಷಿ ಬಳ್ಳಿಗೆ ಬರುತ್ತದೆಯೋ ಮರಕ್ಕೆ ಬರುತ್ತದೆಯೋ ಎಂಬಷ್ಟೇ ಅನುಮಾನ ಉಳಿಸಿಕೊಂಡು ಹೋಗಿದ್ದೆ ಎನ್ನಬಹುದು. ಹೋದ ಹದಿನೈದು ದಿನಕ್ಕೆ ಯಮನಪ್ಪ ಎಂಬ ರೈತ ಆಫೀಸಿಗೆ ಬಂದು, “ಸಾಹೇಬ್ರ, ನಾಳೆ ನಮ್ಮ ತ್ವಾಟದಾಗ ಚಾಟ್ನಿ ಐತ್ರಿ. ಮುಂಜಾನೆ ಜಲ್ದಿ ಬರ್ರಿ” ಎಂದ. ಎಂಥ ಒಳ್ಳೆಯ ಜನ ಎಂದುಕೊಂಡೆ. ಮಾರನೆಯ ದಿನ ಬೆಳಗಿನ ನಾಷ್ಟಾ ಬಿಟ್ಟು, ಎರಡು ರೊಟ್ಟಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದೆ. ಅಲ್ಲಿ ಇಪ್ಪತ್ತು ಮಂದಿ ಕತ್ತರಿ ಹಿಡಿದು ಬಳ್ಳಿಯ ಕಡ್ಡಿಗಳನ್ನು ಕತ್ತರಿಸುತ್ತಿದ್ದರು. ಹಣ್ಣು ಬಿಡಲೆಂದು ಮಳೆಗಾಲ ಮುಗಿದ ಮೇಲೆ ಬಳ್ಳಿ ಕತ್ತರಿಸುವುದಕ್ಕೆ ಆ ಕಡೆ ಚಾಟ್ನಿ ಎನ್ನುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ಕೈಯೊಳಗಿನ ಗಂಟನ್ನು ಮೊದಲು ಗುರುತಿಸಿದವಳು ಯಮನಪ್ಪನ ಹೆಂಡತಿ ಗೌರವ್ವ. ಆಗಿನ್ನೂ ಮದುವೆಯಾಗಿ ಬಂದ ಹೊಸತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು, ಆಮೇಲೆ ತನ್ನ ಬುತ್ತಿ ಬಿಚ್ಚಿ ನನ್ನ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ, “ತಗೊಳ್ರಿ ಸಾಹೇಬ್ರ, ನಮ್ಮ ತ್ವಾಟದಾಗ ಎರಡೂ ಚಾಟ್ನಿ ಅದಾವ” ಎಂದಳು. ಅಂದಿನಿಂದ ಆ ಮನೆಯವರಿಗೂ ನನಗೂ ಗೆಳೆತನ.

ಗೆಳೆತನವಾದ ಮೇಲೆ ಸಲಹೆ ಕೊಡುವ ಚಟ ಬರುತ್ತದೆ. ತಿನ್ನುವ ದ್ರಾಕ್ಷಿ ಅಕಾಲ ಮಳೆಗೆ ಸೀಳಿ ಹಾಳಾಗುತ್ತಿದ್ದುದನ್ನು ಎರಡು ಮೂರು ವರ್ಷ ಕಂಡು, ಅದನ್ನು ತೆಗೆದು ವೈನಿನ ದ್ರಾಕ್ಷಿ ಹಾಕುವುದು ಒಳ್ಳೆಯದೆಂದು ಯಮನಪ್ಪನಿಗೆ ಹೇಳಿದವನು ನಾನೇ. ಸಣ್ಣ ಹಣ್ಣು, ದಪ್ಪ ತೊಗಟೆ, ಕಷ್ಟ ತಾಳುವ ಬಳ್ಳಿ. ಕಾರ್ಖಾನೆಯವರು ತೋಟಕ್ಕೇ ಬಂದು ಹಣ್ಣು ಒಯ್ಯುತ್ತಿದ್ದರು. ಆದರೆ ಹೊಲ ಜಂಟಿಯದು. ಯಮನಪ್ಪನ ಅಣ್ಣ ಭೀಮಪ್ಪ ತುಳಸಿ ಮಾಲೆ ಹಾಕಿಕೊಂಡವನು, ವರ್ಷ ತಪ್ಪಿಸದೆ ಪಂಢರಪುರಕ್ಕೆ ನಡೆದು ಹೋಗುವವನು, ಊರ ಭಜನೆಯಲ್ಲಿ ತಾಳ ಹಿಡಿಯುವವನು. ಅವನು ನನ್ನನ್ನು ನೇರ ನೋಡಿ ಕೇಳಿದ:

“ಈ ಹಣ್ಣ ಎಲ್ಲಿಗೆ ಹೋಗತಾವ್ರಿ ಸಾಹೇಬ್ರ?”

“ರಸದ ಕಾರ್ಖಾನೆಗೆ” ಎಂದೆ.

ಸುಳ್ಳಲ್ಲ. ರಸವೇ. ಆ ರಸ ಮುಂದೆ ಏನಾಗುತ್ತದೆ ಎನ್ನುವುದು ರಸದ ಖಾಸಗಿ ವಿಷಯ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಭೀಮಪ್ಪ ತಲೆ ಆಡಿಸಿದ, ಬಳ್ಳಿ ನೆಟ್ಟರು. ನಾಲ್ಕು ವರ್ಷಕ್ಕೆ ಯಮನಪ್ಪ ಜಾಂಡೀಸಿನಲ್ಲಿ ತೀರಿಕೊಂಡ. ಗಂಡಸರು ಮಾಡುವ ತೋಟ ಹೆಂಗಸಿನ ಕೈಲಿ ಆಗದೆಂದು ಊರವರು ಅಂದಾಗ ಗೌರವ್ವ ಅವರಿಗೆ ಮಾತಿನಲ್ಲಿ ಉತ್ತರ ಕೊಡಲಿಲ್ಲ. ಔಷಧಿ ಹೊಡೆಯುವುದು, ತಂತಿ ಬಿಗಿಯುವುದು, ಹಣ್ಣಿನ ಬೀಜ ಕಚ್ಚಿ ಹದ ನೋಡುವುದು ಎಲ್ಲವನ್ನೂ ಕಲಿತಳು. ನಾನು ನಿವೃತ್ತನಾಗಿ ಹೆಂಡತಿ ಸರೋಜಳ ತವರಾದ ಯಲಬುರ್ಗಾಕ್ಕೆ ಬಂದು ನೆಲೆಸಿದೆ. ರಸದ ಮಾತು ನನಗೆ ಮರೆತಿತ್ತು ಎಂದರೆ ನೀವು ನಂಬಬೇಡಿ.

ಎರಡು ವರ್ಷದ ಹಿಂದಿನ ದಸರೆ. ಬನ್ನಿ ಮುಡಿದು ಮೂರು ದಿನವಾಗಿತ್ತು. ಮಧ್ಯಾಹ್ನದ ಬಸ್ಸಿಗೆ ಗೌರವ್ವ ಬಂದಳು. ಕೈಯಲ್ಲಿ ಬದನೆಕಾಯಿ ತುಂಬಿದ ಕೈಚೀಲ. ಸರೋಜ ಅದನ್ನು ಇಸಿದುಕೊಳ್ಳಲು ಹೋದರೆ, “ತಡೀರಿ ಅಕ್ಕಾರ, ಭಾರ ಐತಿ” ಎಂದು ತಾನೇ ನೆಲಕ್ಕಿಟ್ಟಳು. ಬದನೆಕಾಯಿ ತೆಗೆದರೆ ಕೆಳಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಎರಡು ಬಾಟಲಿ. ಕೆಂಪು ವೈನು.

ನಡೆದದ್ದು ಇಷ್ಟು. ಕಾರ್ಖಾನೆಯವರು ಹಬ್ಬದ ಉಡುಗೊರೆ ಎಂದು ಬಣ್ಣದ ಕಾಗದ ಸುತ್ತಿದ ಡಬ್ಬಿಯನ್ನು ಭೀಮಪ್ಪನ ಕೈಗೇ ಕೊಟ್ಟು ಹೋಗಿದ್ದರು. ಮಿಠಾಯಿ ಎಂದುಕೊಂಡು ಅವನು ಅದನ್ನು ಗುಡಿಯ ಕಟ್ಟೆಯ ಮೇಲೆ, ಭಜನೆಯವರೆಲ್ಲ ಕೂತಿದ್ದಾಗ, ಎಲ್ಲರಿಗೂ ಹಂಚಲೆಂದು ಬಿಚ್ಚಿದ್ದ.

“ಯಾರೂ ಒಂದ ಮಾತು ಆಡಲಿಲ್ಲಂತ್ರಿ. ಅದs ಭಾಳ ಕೆಟ್ಟ ಅನಸೇತಿ ಅವರಿಗೆ. ಮನಿಗೆ ಬಂದು, ಚಾಟ್ನಿಗೆ ಆಳು ಹೇಳಬ್ಯಾಡ, ಬಳ್ಳಿ ಕಿತ್ತ ಒಗಿ ಅಂದ್ರು” ಎಂದಳು ಗೌರವ್ವ.

“ನೀ ಏನಂದಿ?” ಸರೋಜ ಕೇಳಿದಳು.

“ಹತ್ತ ದಿನ ತಡೀರಿ ಅಂದೆ. ಅಕ್ಕಾರ, ಒಂಬತ್ತ ವರ್ಷ ಆತು ಆ ಹಣ್ಣ ಬೆಳ್ಯಾಕ ಹತ್ತಿ. ಅದು ಮುಂದ ಏನ ಆಗತೈತಿ ಅಂತ ನಾ ಒಂದ ದಿನಾ ಕಣ್ಣೀಲೆ ನೋಡಿಲ್ಲ, ನಾಲಿಗಿಗೆ ಹಚ್ಚಿಲ್ಲ. ಕೆಟ್ಟದ್ದಿದ್ರ ನಾನs ಕೀಳ್ತೀನಿ, ಯಾರೂ ಹೇಳೂದು ಬ್ಯಾಡ. ಆದ್ರ ರುಚಿ ನೋಡದ ಹೆಂಗ ಕೀಳ್ಲಿ?”

ಆಮೇಲೆ ನನ್ನ ಕಡೆ ತಿರುಗಿದಳು. “ನಮ್ಮೂರಾಗ ಇದನ್ನ ತೆರಿಯಾಕ ಆಗಂಗಿಲ್ಲ ಸಾಹೇಬ್ರ. ಬರೇ ಕುಡದ್ರ ನಾ ಹೆದರ್ತೀನಿ. ಊಟದ ಜೋಡಿ ತಗೋತಾರಂತ ಕೇಳೀನಿ. ಯಾವ ಊಟ, ಹೆಂಗ, ಅದನ್ನ ನೀವು ಕಲೀರಿ. ಒಂದ ಶೀಸೆ ನೀವು ಕಲಿಯಾಕ, ಒಂದು ನನಗ. ಬಳ್ಳಿ ಹಚ್ಚು ಅಂದಾವ್ರು ನೀವs ಅಲ್ಲೇನ್ರಿ?”

ನಾನು ಹೌದು ಎಂದೆ. ಇನ್ನೇನು ಅನ್ನಲಿ.

ಬಾಟಲಿ ಇಡುವ ಜಾಗದ ಬಗ್ಗೆಯೇ ಮನೆಯಲ್ಲಿ ಮೊದಲ ವಾದ ನಡೆಯಿತು. “ದೇವರ ಮನಿ ಗ್ವಾಡಿಗೆ ತಾಗೂ ಹಂಗ ಇಡಬ್ಯಾಡ್ರಿ” ಎಂದಳು ಸರೋಜ. ಹಾಗೆ ನೋಡಿದರೆ ನಮ್ಮಂಥ ಸಣ್ಣ ಮನೆಯಲ್ಲಿ ದೇವರ ಮನೆಯ ಗೋಡೆಗೆ ತಾಗದ ಗೋಡೆಯೇ ಇಲ್ಲ. ತಂಪಾದ ಕತ್ತಲೆ ಜಾಗ ಬೇಕೆಂದು ಮೊಬೈಲಿನಲ್ಲಿ ಓದಿ, ಕಡೆಗೆ ಜೋಳದ ಡ್ರಮ್ಮಿನೊಳಗೆ ಕುತ್ತಿಗೆಯವರೆಗೆ ಹೂತಿಟ್ಟೆವು. ಎರಡು ದಿನ ಸರೋಜ ಜೋಳ ತೆಗೆಯಲು ಹೋದಾಗೆಲ್ಲ ಬಾಟಲಿಯ ತಲೆ ಕಂಡು “ಅಯ್ಯ” ಎನ್ನುತ್ತಿದ್ದಳು.

ತೆರೆಯುವ ಸಲಕರಣೆ ನಮ್ಮಲ್ಲಿರಲಿಲ್ಲ. ಬೂಚಿಗೆ ಬಾಗಿಲಿನ ಸ್ಕ್ರೂ ತಿರುಗಿಸಿ, ಅದನ್ನು ಪಕ್ಕಡಿನಲ್ಲಿ ಹಿಡಿದು, ಬಾಟಲಿಯನ್ನು ಎರಡು ಪಾದಗಳ ನಡುವೆ ಒತ್ತಿಕೊಂಡು ಎಳೆದೆ. ಬೂಚು ಬಂತು, ನಾನು ಹಿಂದಕ್ಕೆ ಹೋಗಿ ಬಿದ್ದೆ. ಕುಡಿಯುವ ಮೊದಲೇ ಬಿದ್ದ ಗಂಡನನ್ನು ನೋಡಿದ್ದು ಇದೇ ಮೊದಲು ಎಂದು ಸರೋಜ ನಕ್ಕಳು.

ಕಲಿಕೆ ಸುಲಭವಿರಲಿಲ್ಲ. ಮೊಬೈಲು ಹೇಳಿದ ತಿನಿಸುಗಳು ಯಾವುವೂ ನಮ್ಮ ಅಡಿಗೆಮನೆಯಲ್ಲಿ ಇರಲಿಲ್ಲ. ಹುರಿದ ಕುರಿಯ ತೊಡೆ, ಅಣಬೆ, ಹಳೆಯ ಚೀಜು. ಚೀಜೆಂದರೇನು ಎಂದು ಸರೋಜ ಕೇಳಿದಳು. ಗಿಣ್ಣದ ದೂರದ ನೆಂಟ ಎಂದೆ. “ಆ ದೇಶದವರು ಚಳಿಗಾಲ ಹತ್ತಿರ ಬಂತಂದ್ರ ಹೊಟ್ಟಿಗೆ ಹಿತ ಆಗೂವಂಥಾದ್ದು ಉಣತಾರ. ನಮ್ಮ ಹೊಟ್ಟಿಗೆ ಹಿತ ಆಗೂದು ಯಾವುದು, ಅದನ್ನ ನೋಡೂಣು” ಎಂದು ಮೊಬೈಲನ್ನು ಕಸಿದು ಕಪಾಟಿನ ಮೇಲೆ ಇಟ್ಟಳು. ಆ ಕ್ಷಣದಿಂದ ವಿದ್ಯೆ ನನ್ನ ಕೈ ಬಿಟ್ಟು ಅವಳ ಕೈಗೆ ಹೋಯಿತು. ಮೇಲೆ ನಾನು ಹೇಳಿಕೊಂಡ ಮೊದಲ ಸ್ಥಾನದಲ್ಲಿ ಅರ್ಧಕ್ಕಿಂತ ಹೆಚ್ಚು ಅವಳದು.

ಔಷಧಿಯಂತೆ ಒಂದು ಚಮಚ ನಾಲಿಗೆಗೆ ಹಾಕಿಕೊಂಡು ಅವಳು ಬಹಳ ಹೊತ್ತು ಕಣ್ಣು ಮುಚ್ಚಿ ಕೂತಳು. “ಹುಣಸಿ ರಸದಾಗ ನೇರಳೆ ಹಣ್ಣು ಕಿವುಚಿದಂಗ ಐತಿ. ಕಡೀಕ ಅಡಿಕಿ ಜಗದಂಗ ಒಗರು” ಎಂದಳು. ನಾನು ಹತ್ತು ಪುಟ ಓದಿದ್ದರಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಬರೆದಿರಲಿಲ್ಲ.

ಮೊದಲು ಹಬ್ಬದಲ್ಲಿ ಉಳಿದ ಹೋಳಿಗೆಯ ಜೊತೆ ನೋಡಿದೆವು. ಹೋಳಿಗೆಯ ಮೇಲೆ ಬಿದ್ದ ವೈನು ಬರೀ ಕಷಾಯವಾಯಿತು. ಸಿಹಿಯ ಎದುರಿಗೆ ಅದರ ಹಣ್ಣೆಲ್ಲ ಓಡಿಹೋಗಿ ಕಹಿ ಮಾತ್ರ ಉಳಿಯಿತು. ಆಮೇಲೆ ನನ್ನ ಹಟಕ್ಕೆ ರಂಜಕ ಹಚ್ಚಿದ ರೊಟ್ಟಿ. ನಮ್ಮ ಮನೆಯ ರಂಜಕ ಎಂದರೆ ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಅದರ ಮೇಲೆ ನಮ್ಮ ಅತ್ತೆಯ ಆಶೀರ್ವಾದ. ಅದರ ಮೇಲೆ ಒಂದು ಗುಟುಕು ಹಾಕಿದ್ದೇ ತಡ, ಬೆಂಕಿಗೆ ಸೀಮೆಎಣ್ಣೆ ಸುರಿದಂತಾಗಿ ನಾನು ಹಿತ್ತಲಿಗೆ ಓಡಿ ಕೊಡದ ನೀರಿಗೆ ಬಾಯಿ ಹಾಕಿದೆ. ಪುಂಡಿಪಲ್ಲೆ ಮಾತ್ರ ನಮ್ಮನ್ನು ಬೆರಗುಗೊಳಿಸಿತು. ಅದೂ ಹುಳಿ, ಇದೂ ಹುಳಿ, ಜಗಳವಾಡುತ್ತವೆ ಎಂದುಕೊಂಡಿದ್ದೆವು. “ನೋಡ್ರಿ, ಬೀಗರಂಗ ಮಗ್ಗಲಕ್ಕ ಮಗ್ಗಲ ಕೂತಾವು” ಎಂದಳು ಸರೋಜ.

ಮೂರನೆಯ ದಿನ ಅವಳು ಝುಣಕದ ವಡಿ ಮಾಡಿದಳು. ಕಡಲೆಹಿಟ್ಟನ್ನು ಒಗ್ಗರಣೆಯಲ್ಲಿ ಗಟ್ಟಿಯಾಗಿ ಕುದಿಸಿ, ತಾಟಿಗೆ ತಟ್ಟಿ, ಮೇಲೆ ಒಣಕೊಬ್ಬರಿ ಕೊತ್ತಂಬರಿ ಉದುರಿಸಿ ಕೊಯ್ದ ತುಂಡು. ಬಡತನದಲ್ಲಿ ಪಲ್ಯವಿಲ್ಲದ ದಿನ ನಮ್ಮ ಜನ ಮಾಡಿಕೊಂಡ ಅಡಿಗೆ ಅದು, ಈಗ ಮದುವೆಗಳಲ್ಲೂ ಬಡಿಸುತ್ತಾರೆ. ಖಾರ ಕಡಿಮೆ ಮಾಡಿ, ಎಣ್ಣೆ ಎರಡು ಹನಿ ಹೆಚ್ಚು ಹಾಕಿದ್ದಳು. ಬಿಸಿ ಜೋಳದ ರೊಟ್ಟಿ, ಬೆಣ್ಣೆ, ವಡಿ, ಮೇಲೊಂದು ಗುಟುಕು. ಇನ್ನೊಂದು ವಡಿ ತೆಗೆದುಕೊಂಡೆ. ಅವಳು ತಾನೇ ಒಂದು ಚಮಚ ಹಾಕಿಕೊಂಡು, “ಒಗರು ನಾಲಿಗಿ ಒಣಗಸ್ತೈತಿ, ಎಣ್ಣಿ ಹಸಿ ಮಾಡತೈತಿ. ಅದಕ್ಕ ಇದು, ಇದಕ್ಕ ಅದು. ಆತಲ್ಲ, ಊಟ ಬರೋಬ್ಬರಿ ಆತು” ಎಂದಳು. ಯಾವ ದೇಶದ ಪಂಡಿತನಾದರೂ ಬರಲಿ, ಕೆಂಪು ವೈನಿಗೆ ಝುಣಕದ ವಡಿಯಷ್ಟು ಒಪ್ಪುವ ಜೊತೆ ಇನ್ನೊಂದಿಲ್ಲ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ.

“ಇನ್ನ ಭೀಮಪ್ಪಗ ಹೇಳಿ ಬರ್ರಿ” ಎಂದಳು.

“ಅವನ್ಯಾಕ?”

“ಕಿತ್ತ ಒಗಿ ಅಂದಾಂವನ್ನ ಬಿಟ್ಟು ನಾವು ನಾವು ಉಂಡ್ರ ಏನ ಬಂತ್ರಿ? ಗೌರವ್ವ ಕದ್ದ ಕುಡದ್ಲು ಅಂತ ಆಗತೈತಿ.”

ಮರುದಿನ ಬಸ್ಸು ಹತ್ತಿ ಕುಷ್ಟಗಿಗೆ, ಅಲ್ಲಿಂದ ಇನ್ನೊಂದು ಬಸ್ಸಿಗೆ ಅವರ ಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ರಸದ ಮಾತನ್ನು ಹೇಗೆ ಒಪ್ಪಿಕೊಳ್ಳಬೇಕೆಂದು ಅಭ್ಯಾಸ ಮಾಡಿದೆ. ಬಹಳ ಚೆನ್ನಾಗಿ ಮಾತು ಜೋಡಿಸಿಕೊಂಡಿದ್ದೆ. ಭೀಮಪ್ಪ ಎದುರಿಗೆ ಬಂದು ಕೂತು, ನೀರು ಬೆಲ್ಲ ಕೊಟ್ಟ ಕೂಡಲೇ ಅಷ್ಟೂ ಬೆಲ್ಲದ ಜೊತೆ ಕರಗಿಹೋಯಿತು. ಇಷ್ಟನ್ನು ಮಾತ್ರ ಹೇಳಿದೆ: “ಬರುವ ಶುಕ್ರವಾರ ನಮ್ಮ ಮನೆಗೆ ಊಟಕ್ಕೆ ಬರಬೇಕು ಭೀಮಪ್ಪಣ್ಣ. ಗೌರವ್ವ ಬರುತ್ತಾಳೆ. ಬಾಟಲಿ ತೆರೆಯುತ್ತೇವೆ. ನೀವು ಎದುರಿಗೆ ಇರಬೇಕು.”

ಅವನು ಕೊರಳ ಮಾಲೆ ಮುಟ್ಟಿಕೊಂಡ. “ಬರ್ತೀನಿ” ಎಂದ. “ನಾ ಅದನ್ನ ಮುಟ್ಟಂಗಿಲ್ಲ. ಹೊತ್ತು ಮುಣಗೂದ್ರಾಗ ಉಣತೀನಿ. ಆದ್ರ ಬರ್ತೀನಿ. ನಾಳೆ ಗೌರವ್ವ, ನೋಡದ ಕೇಳದ ಕೀಳ್ಸಿದ್ರು ಅನಬಾರದು.”

ಆ ದಿನ ಇಬ್ಬರೂ ಒಂದೇ ಬಸ್ಸಿಗೆ ಬಂದರು, ಆದರೆ ಅವಳು ಮುಂದಿನ ಬಾಗಿಲಿನಿಂದ, ಅವನು ಹಿಂದಿನ ಬಾಗಿಲಿನಿಂದ ಇಳಿದರು. ನಮ್ಮದು ಮಣ್ಣಿನ ಮಾಳಿಗೆ ಮನೆ. ಮಾಳಿಗೆಯ ಮೇಲೆ ಚಾಪೆ ಹಾಸಿದ್ದೆವು. ಹಿಂಗಾರಿ ಜೋಳ ಮೊಳೆತ ಎರೆಹೊಲಗಳ ಕಡೆಯಿಂದ ತಣ್ಣನೆ ಗಾಳಿ, ಬಿಸಿಲು ಓರೆಯಾಗಿತ್ತು. ಭೀಮಪ್ಪ ಚಾಪೆಯ ಆ ತುದಿಗೆ ಕೂತ. ಅವನಿಗೂ ಬಾಟಲಿಗೂ ನಡುವೆ ಬುಟ್ಟಿ ತುಂಬ ಕುದಿಸಿದ ಹಸಿ ಶೇಂಗಾ. ಸರೋಜ ಬಡಿಸಿದಳು: ಬೆಣ್ಣೆ, ಬಿಸಿ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಹಾಕಿದ ಎಣಗಾಯಿ, ಝುಣಕದ ವಡಿ. ಚಹಾದ ಗಾಜಿನ ಲೋಟಕ್ಕೆ ನಾನು ಒಂದಿಷ್ಟು ವೈನು ಸುರಿದು ಗೌರವ್ವನ ಮುಂದಿಟ್ಟೆ. ಅವಳು ಅದನ್ನು ಮುಟ್ಟುವ ಮೊದಲು ನನ್ನ ಬಾಯಿ ತಾನಾಗಿ ತೆರೆಯಿತು.

“ಭೀಮಪ್ಪಣ್ಣ, ಒಂದು ಮಾತಿದೆ. ಅವತ್ತು ರಸದ ಕಾರ್ಖಾನೆ ಎಂದವನು ನಾನು. ಗೊತ್ತಿದ್ದೂ ಅಂದೆ. ವೈನು ಎಂದರೆ ನೀವು ಒಪ್ಪುವುದಿಲ್ಲ ಎಂದು ಅಂದೆ. ಇದರಲ್ಲಿ ಗೌರವ್ವನದಾಗಲಿ ಯಮನಪ್ಪನದಾಗಲಿ ತಪ್ಪಿಲ್ಲ. ಕಟ್ಟೆಯ ಮೇಲೆ ನಿಮ್ಮ ಮಾನ ಹೋದದ್ದು ನನ್ನಿಂದ.”

ಭೀಮಪ್ಪ ಒಂದು ಶೇಂಗಾ ಬಿಡಿಸಿದ. ಕಾಳು ತಿನ್ನಲಿಲ್ಲ, ಕೈಯಲ್ಲೇ ಹಿಡಿದುಕೊಂಡ.

“ನನಗ ಗೊತ್ತಿತ್ತು ಸಾಹೇಬ್ರ” ಎಂದ.

ನಾವು ಮೂವರೂ ಅವನನ್ನೇ ನೋಡಿದೆವು.

“ನೀವು ಹೋದ ಮ್ಯಾಲ ಅವತ್ತ ಸಂಜೀಕನ ಯಮನಪ್ಪ ಹೇಳಿದ. ಅಣ್ಣ, ಅದು ವೈನ ಮಾಡೂ ಕಾರ್ಖಾನಿ, ನೀ ಬ್ಯಾಡ ಅಂದ್ರ ಬಿಡ್ತೀನಿ ಅಂದ. ನಾ ಹೂಂ ಅನಲಿಲ್ಲ, ಊಹೂಂ ಅನಲಿಲ್ಲ. ಕೇಳದವರಂಗ ಎದ್ದು ಭಜನಿಗೆ ಹೋದೆ. ನೀವು ರಸ ಅಂದಿದ್ದು ನನಗ ಹಿತ ಆತು, ಅದನ್ನs ಹಿಡಕೊಂಡೆ. ಒಂಬತ್ತ ವರ್ಷ ಊರಾಗ ಎಲ್ಲಾರಿಗೂ ರಸ ಅಂತನ ಹೇಳೀನಿ. ಈಗ ಶೀಸೆ ಕೈಯಾಗ ಬಂತು, ಕೇಳದವರಂಗ ಇರಾಕ ಆಗಲಿಲ್ಲ. ಸಿಟ್ಟ ಬಂದಿದ್ದು ಬಳ್ಳಿ ಮ್ಯಾಲ ಅಲ್ಲ.”

ತಮ್ಮನ ಹೆಸರು ಹೇಳಿದ ಮೇಲೆ ಅವನ ದನಿ ಸಣ್ಣದಾಗಿತ್ತು. ಸರೋಜ ಎದ್ದು ಅವನ ತಟ್ಟೆಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು. “ಉಣ್ಣಣ್ಣ, ಹೊತ್ತು ಮುಣಗತೈತಿ” ಎಂದಳು. ಅವನು ಉಂಡ.

ಗೌರವ್ವ ಲೋಟ ಎತ್ತಿದಳು. ಒಂದು ಗುಟುಕು. ಮುಖ ಕಿವುಚಿದಳು.

“ಸಿಹಿ ಎಲ್ಲಿ ಹೋತ್ರಿ ಸಾಹೇಬ್ರ? ನಾ ಕಳಸಿದ್ದು ಸಕ್ಕರಿಯಂಥಾ ಹಣ್ಣ.”

ಅವಳ ದನಿಯಲ್ಲಿ ಗಾಬರಿ ಇತ್ತು. ಒಂಬತ್ತು ವರ್ಷ ಸಾಕಿ ಕಳಿಸಿದ್ದನ್ನು ಯಾರೋ ನಡುದಾರಿಯಲ್ಲಿ ತೆಗೆದುಕೊಂಡುಬಿಟ್ಟರೇನೋ ಎನ್ನುವ ಹಾಗೆ. ಆ ಸಿಹಿಯೇ ಹುದುಗಿ ಹೀಗಾಗುತ್ತದೆ ಎಂದು ನಾನು ಇಲಾಖೆಯ ಭಾಷೆಯಲ್ಲಿ ವಿವರಿಸತೊಡಗಿದೆ. ಸರೋಜ ನನ್ನ ಮಾತು ತಡೆದು, ರೊಟ್ಟಿಯ ತುಂಡಿಗೆ ಬೆಣ್ಣೆ ಹಚ್ಚಿ, ಅದರ ಮೇಲೆ ವಡಿ ಇಟ್ಟು ಗೌರವ್ವನ ಕೈಗೆ ಕೊಟ್ಟಳು. “ಇದನ್ನ ಜಗಿ. ನುಂಗೂ ಮುಂದ ಸ್ವಲ್ಪ ತಗೋ.”

ಗೌರವ್ವ ಹಾಗೇ ಮಾಡಿದಳು. ನಿಧಾನವಾಗಿ ಜಗಿದಳು, ನುಂಗಿದಳು. ಇನ್ನೊಂದು ತುಂಡನ್ನು ತಾನೇ ಮುರಿದುಕೊಂಡಳು. ಎರಡನೆಯ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ದೂರ ನೋಡಿದಳು. ಆಮೇಲೆ ಹಲ್ಲಿನಿಂದ ಏನನ್ನೋ ಕಚ್ಚುವ ಹಾಗೆ ದವಡೆ ಆಡಿಸಿದಳು.

“ಇದು ಬೀಜದ ಒಗರು” ಎಂದಳು. “ಹಣ್ಣ ಕೊಯ್ಯೂ ಮುಂದ ನಾ ಬೀಜ ಕಡದ ನೋಡತೀನಲ್ರಿ. ಕಡ್ಡಿ ಹಂಗ ಮುರದು, ಸ್ವಲ್ಪ ಬಾಯಿ ಹಿಡದಂಗ ಆದ್ರ ಕೊಯ್ಲಿಗೆ ಬಂತು ಅಂತ. ಅದs ಇದು. ಬಾವಿ ಮಗ್ಗಲಿನ ಸಾಲಿಂದು. ಆ ಸಾಲಿನ ಹಣ್ಣಿಗೆ ಈ ಒಗರು ಹೆಚ್ಚು.” ಕಾರ್ಖಾನೆಯಲ್ಲಿ ಸಾವಿರ ಸಾಲಿನ ಹಣ್ಣು ಒಂದೇ ತೊಟ್ಟಿಗೆ ಬೀಳುತ್ತದೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಅವಳ ನಾಲಿಗೆಯ ಮೇಲೆ ನನಗೆ ಇಲಾಖೆಗಿಂತ ಹೆಚ್ಚು ನಂಬಿಕೆ.

“ನಮ್ಮ ಹಣ್ಣ ಹೌದು. ಛಲೋ ಆಗೇತಿ” ಎಂದಳು. ಅರ್ಧ ಲೋಟಕ್ಕೆ ನಿಲ್ಲಿಸಿ, ಅದರ ಮೇಲೆ ತಟ್ಟೆ ಮುಚ್ಚಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಭೀಮಪ್ಪನ ಕಡೆ ತಿರುಗಿದಳು.

“ಭಾವಾರ, ರುಚಿ ನೋಡಿದೆ. ನನಗ ಮತ್ತ ಬೇಕು ಅನಸಲಿಲ್ಲ. ಆದ್ರ ನಾಚಿಕಿ ಪಡೂವಂಥಾದ್ದು ಇದರಾಗ ನನಗ ಏನೂ ಸಿಗಲಿಲ್ಲ.”

“ಇಂಥಾದ್ದು ಕುಡದು ಮನಿ ಹಾಳ ಮಾಡಿಕೊಂಡವರು ಇಲ್ಲೇನು?” ಭೀಮಪ್ಪ ಕೇಳಿದ. ಸಿಟ್ಟಿನಿಂದಲ್ಲ, ನಿಜಕ್ಕೂ ಕೇಳಿದ.

“ಅದಾರ್ರಿ. ನಮ್ಮ ತವರಮನಿ ಓಣ್ಯಾಗನ ಅದಾರ. ಅದಕ್ಕs ಇದರ ಹೆಸರು ಮುಚ್ಚಿ ಬೆಳೀಬಾರದು. ಮುಚ್ಚಿದ್ದಕ್ಕ ಇಷ್ಟ ಆತು. ಇರೂ ಹೆಸರು ಹೇಳಿ ಬೆಳಿ ಅಂದ್ರ ಬೆಳೀತೀನಿ. ಅದು ನಿಮಗ ಆಗಂಗಿಲ್ಲ ಅಂದ್ರ ನಾಳೆ ನಾನs ಕೊಡ್ಲಿ ತಗೋತೀನಿ. ಹೇಳ್ರಿ.”

ಬಳ್ಳಿ ಅವಳದು, ಮಾತು ನನ್ನದು, ಹೊಲ ಇಬ್ಬರದೂ. ಭೀಮಪ್ಪ ಕೈ ಚಾಚಿ ಮುಚ್ಚಿದ ಲೋಟವನ್ನು ತನ್ನ ಕಡೆ ಎಳೆದುಕೊಂಡ. ತಟ್ಟೆ ಸರಿಸಿ, ಬಗ್ಗಿ, ಒಂದು ಸಲ ಮೂಸಿ ನೋಡಿದ. ಮತ್ತೆ ಮುಚ್ಚಿದ.

“ಚಾಟ್ನಿ ಯಾವತ್ತ ಇಟ್ಟಿ?” ಎಂದ.

“ಸೋಮವಾರ ಅಂತ ಮಾಡೇನ್ರಿ.”

“ನನ್ನ ಕತ್ತರಿ ಮೊಂಡ ಆಗೇತಿ. ಸಾಣಿ ಹಿಡಸಾಕ ಹಾಕು.”

ಸರೋಜ ಉಳಿದ ವಡಿಯ ತಾಟನ್ನು ಅವನ ಮುಂದೆ ತಳ್ಳಿದಳು. ಅವನು ನಾಲ್ಕು ತಿಂದ. ವೈನಿಲ್ಲದೆಯೂ ಅದು ಒಳ್ಳೆಯದೇ ಎನ್ನುವುದನ್ನು ನಾನು ಒಪ್ಪಿಕೊಳ್ಳಬೇಕು.

ಸೋಮವಾರ ಮೊದಲ ಬಸ್ಸಿಗೇ ಹೋದೆ. ನಾಷ್ಟಾ ಮಾಡಿಕೊಂಡೇ ಹೋದೆ. ಮಂಜು ಆರುವ ಮೊದಲೇ ಕೆಲಸ ಶುರುವಾಗಿತ್ತು. ಬಾವಿ ಪಕ್ಕದ ಸಾಲಿನಲ್ಲಿ ಗೌರವ್ವ, ಅದರಾಚೆಯ ಸಾಲಿನಲ್ಲಿ ಭೀಮಪ್ಪ. ಅವನ ಕೈ ನಿಧಾನ, ಆದರೆ ಕಡಿದ ಕಡಿತ ಓರೆಯಿಲ್ಲದೆ ನೇರ. ಬಿಸಿಲೇರುವ ಹೊತ್ತಿಗೆ ಭಜನೆಯ ಹಿರಿಯರೊಬ್ಬರು ಹೊಲದ ದಾರಿಯಲ್ಲಿ ಬಂದವರು ಬದುವಿನ ಮೇಲೆ ನಿಂತರು.

“ಏನ ಭೀಮಪ್ಪ, ಕೀಳ್ತೀವಿ ಅಂದಿದ್ದಿಯಲ್ಲ? ಚಾಟ್ನಿ ಹಚ್ಚೀಯಲ್ಲ. ಮತ್ತ ರಸದ ಕಾರ್ಖಾನಿಗೇನು?”

ಗೌರವ್ವನ ಕತ್ತರಿ ನಿಂತಿತು. ನಾನು ನನ್ನ ಕಾಲಿನ ಬಳಿಯ ಮಣ್ಣನ್ನು ಬಹಳ ಗಮನವಿಟ್ಟು ನೋಡತೊಡಗಿದೆ.

ಭೀಮಪ್ಪ ಹಿಡಿದಿದ್ದ ಕಡ್ಡಿಯನ್ನು ಕತ್ತರಿಸಿ ಪಕ್ಕಕ್ಕೆ ಒಗೆದ. ಬೆನ್ನು ನೆಟ್ಟಗೆ ಮಾಡಿ, ಕುತ್ತಿಗೆಯ ಮಾಲೆಯನ್ನು ಅಂಗಿಯ ಮೇಲೆ ಸರಿಯಾಗಿ ಕಾಣುವ ಹಾಗೆ ಎಳೆದುಕೊಂಡ.

“ರಸಕ್ಕಲ್ರಿ ಯಜಮಾನ್ರ, ವೈನಿಗೆ” ಎಂದ, ನಾಲ್ಕು ಹೊಲದಾಚೆಗೂ ಕೇಳುವಂಥ ಭಜನೆಯ ದನಿಯಲ್ಲಿ. “ನಾವು ಕುಡಿಯಂಗಿಲ್ಲ, ಬೆಳೀತೀವಿ.”

ಹಿರಿಯರು ಒಮ್ಮೆ ತಲೆ ಆಡಿಸಿ ತಮ್ಮ ದಾರಿ ಹಿಡಿದರು. ಬಾವಿ ಪಕ್ಕದ ಸಾಲಿನಲ್ಲಿ ಗೌರವ್ವನ ಕತ್ತರಿ ಮತ್ತೆ ಆಡತೊಡಗಿತು, ಮೊದಲಿಗಿಂತ ಚುರುಕಾಗಿ.